ನೋವಿನ ಲೆಕ್ಕವಲ್ಲ, ಭಾರದ ಲೆಕ್ಕ

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ಶಿಕಾಗೋದಲ್ಲಿದ್ದ ಗಾರ್ಡಿನರ್ ಸೇನಾ ಆಸ್ಪತ್ರೆಗೆ ಮೊಣಕಾಲು ಜಖಂಗೊಂಡ ಸೈನಿಕರು ಸಾಲುಸಾಲಾಗಿ ಬರುತ್ತಿದ್ದರು. ಗಾಯ ಮಾಯ್ದರೂ ತೊಡೆ ಸೊರಗಿಯೇ ಇರುತ್ತಿತ್ತು. ಹಗುರವಾದ ಭಾರವನ್ನು ಮತ್ತೆ ಮತ್ತೆ ಎತ್ತಿಸುವುದು ಅಂದಿನ ಚಿಕಿತ್ಸೆ. ಅಲ್ಲಿನ ಯುವ ವೈದ್ಯ ಥಾಮಸ್ ಡಿಲೋರ್ಮ್ ಬೇರೆ ದಾರಿ ಹಿಡಿದರು. ಎಳೆಯ ವಯಸ್ಸಿನಲ್ಲಿ ರುಮ್ಯಾಟಿಕ್ ಜ್ವರಕ್ಕೆ ಸಿಕ್ಕಿ ಬಡವಾದ ಮೈಯನ್ನು ಕಬ್ಬಿಣ ಎತ್ತಿಯೇ ಗಟ್ಟಿ ಮಾಡಿಕೊಂಡಿದ್ದವರು ಅವರು. ರೋಗಿ ಹತ್ತು ಸಲ ಮಾತ್ರ ಎತ್ತಬಲ್ಲಷ್ಟು ಭಾರ ಕೊಟ್ಟು, ಕಾಲಿಗೆ ಬಲ ಬಂದಂತೆಲ್ಲ ಅದನ್ನು ಏರಿಸುತ್ತ ಹೋದರು. 1945ರಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಮೊದಮೊದಲು ಏಳರಿಂದ ಹತ್ತು ಸೆಟ್ ಮಾಡಿಸುತ್ತಿದ್ದವರು 1948ರ ಹೊತ್ತಿಗೆ ಮೂರೇ ಸಾಕೆಂದರು: ಅರ್ಧ ಭಾರ, ಮುಕ್ಕಾಲು, ಆಮೇಲೆ ಪೂರ್ತಿ. ಇಂದಿನ ಜಿಮ್‌ಗಳಲ್ಲಿ ಕೇಳಿಬರುವ ‘ಹತ್ತರ ಮೂರು ಸೆಟ್’ ಹಿಂದೆ ಆ ಆಸ್ಪತ್ರೆಯ ಅನುಭವವಿದೆ.

ಭಾರ ಏರಿಸಿದರೆ ಸ್ನಾಯು ಏಕೆ ಬೆಳೆಯುತ್ತದೆ? ಸ್ನಾಯುವಿನ ಪ್ರತಿ ತಂತುವಿನೊಳಗೂ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್ ಎಳೆಗಳಿವೆ. ಅವು ಒಂದನ್ನೊಂದು ಹಿಡಿದು ಎಳೆದಾಗಲೇ ಸ್ನಾಯು ಕುಗ್ಗುವುದು. ಎಳೆತ ಬಿರುಸಾದರೆ ಜೀವಕೋಶಕ್ಕೆ ಅದರ ಸುಳಿವು ಸಿಗುತ್ತದೆ. ಎಂಟಾರ್ ಎಂಬ ಅಣುವಿನ ಮೂಲಕ ಹೊಸ ಪ್ರೋಟೀನ್ ತಯಾರಿಗೆ ಆದೇಶ ಹೋಗುತ್ತದೆ. ತಂತುವಿನ ಅಂಚಿಗೆ ಅಂಟಿಕೊಂಡಿರುವ ಉಪಗ್ರಹ ಕೋಶಗಳು ಎಚ್ಚೆತ್ತು ತಮ್ಮ ಕೇಂದ್ರಕಗಳನ್ನು ಅದಕ್ಕೆ ಧಾರೆಯೆರೆಯುತ್ತವೆ. ತಂತುಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಒಂದೊಂದೂ ದಪ್ಪಗಾಗುತ್ತದೆ.

ಜಿಮ್ ಸೇರಿದ ಹೊಸಬರು ಮೊದಲ ಕೆಲವೇ ವಾರಗಳಲ್ಲಿ ಹೆಚ್ಚು ಭಾರ ಎತ್ತತೊಡಗುತ್ತಾರೆ, ಆದರೆ ತೋಳಿನ ಸುತ್ತಳತೆ ಕದಲುವುದಿಲ್ಲ. ಆಗ ಕಲಿಯುತ್ತಿರುವುದು ನರಮಂಡಲ. ಇರುವ ತಂತುಗಳನ್ನೇ ಇನ್ನಷ್ಟು ಚೆನ್ನಾಗಿ ಒಟ್ಟುಗೂಡಿಸಿ ದುಡಿಸಲು ಅದು ಪಳಗುತ್ತಿರುತ್ತದೆ. ಕಣ್ಣಿಗೆ ಕಾಣುವ ಬೆಳವಣಿಗೆ ಬರುವುದು ಆಮೇಲೆ. ಎಷ್ಟೋ ಹುಡುಗರು ಇದೇ ಹೊತ್ತಿನಲ್ಲಿ ಬೇಸತ್ತು ಜಿಮ್ ಬಿಡುತ್ತಾರಲ್ಲ, ನನಗೆ ಅದೇ ಸಂಕಟ.

ಹಗುರ ಭಾರ ವ್ಯರ್ಥವೆಂದೇನೂ ಇಲ್ಲ. ನರಮಂಡಲ ಮೊದಲು ಚಿಕ್ಕ ತಂತುಗಳನ್ನು ಕೆಲಸಕ್ಕೆ ಕರೆಯುತ್ತದೆ. ಅವು ಸೋತಂತೆ ದೊಡ್ಡವನ್ನು. ಇನ್ನೊಂದೆರಡು ಸಲ ಎತ್ತಲೂ ಆಗದು ಎನ್ನುವ ತನಕ ಮುಂದುವರಿಸಿದರೆ ಹಗುರ ಭಾರದಿಂದಲೂ ಸ್ನಾಯು ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ ಎಂದು ಕಳೆದ ದಶಕದ ಪ್ರಯೋಗಗಳು ತೋರಿಸಿವೆ. ಗರಡಿಮನೆಯ ದಂಡ, ಬಸ್ಕಿಗಳು ಮೈ ಬೆಳೆಸಿದ್ದೂ ಹೀಗೆಯೇ. ಜಿಮ್ ಶುಲ್ಕ ಕಟ್ಟಲಾಗದವರಿಗೆ ಆ ದಾರಿ ಈಗಲೂ ತೆರೆದಿದೆ.

ಮರುದಿನ ಕಾಡುವ ಮೈಕೈ ನೋವನ್ನು ಬೆಳವಣಿಗೆಯ ಅಳತೆಗೋಲು ಮಾಡಿಕೊಳ್ಳಬೇಡಿ. ಅದು ರೂಢಿಯಿಲ್ಲದ ಶ್ರಮದ ಗುರುತು. ಅಭ್ಯಾಸವಾದ ಮೇಲೆ ನೋವು ತಗ್ಗುತ್ತದೆ, ಬೆಳವಣಿಗೆ ನಿಲ್ಲುವುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡು ಅಂದಂದಿನ ಭಾರ, ಎತ್ತಿದ ಸಲ ಬರೆದಿಡುವುದು ಎಷ್ಟೋ ಮೇಲು. ವ್ಯಾಯಾಮದ ನಂತರ ಒಂದೆರಡು ದಿನ ಪ್ರೋಟೀನ್ ತಯಾರಿ ಚುರುಕಾಗಿರುತ್ತದೆ. ಆದ್ದರಿಂದ ಒಂದೊಂದು ಸ್ನಾಯುವಿಗೂ ವಾರಕ್ಕೆರಡು ಸರದಿ ಕೊಟ್ಟು, ನಡುವೆ ಬಿಡುವು, ರಾತ್ರಿ ತುಂಬು ನಿದ್ರೆ ಕೊಟ್ಟರೆ ಚೆನ್ನ.

ಊಟದ ವಿಷಯ. ದೇಹತೂಕದ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಿಕ್ಕರೆ ಹೆಚ್ಚಿನವರಿಗೆ ಸಾಕು. 60 ಕಿಲೋ ತೂಗುವವರಿಗೆ 96 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಆರು ಗ್ರಾಂ, ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತರ ಮೇಲೆ, ಅಷ್ಟೇ ರಾಗಿಯಲ್ಲಿ ಏಳರ ಆಸುಪಾಸು. ಮುದ್ದೆಯೊಂದರಿಂದಲೇ ಆಗದು, ಜೊತೆಗೆ ಕಾಳು, ಮೊಸರು, ಮೊಟ್ಟೆ, ಮೀನು ಇರಲಿ. ಹೀಗೆ ತಿನ್ನುವವರಿಗೆ ಡಬ್ಬದ ಪುಡಿ ಅನಿವಾರ್ಯವಲ್ಲ. ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರ ಪ್ರೋಟೀನ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಬೇಗ ಮೈ ಉಬ್ಬಿಸುವ ಸ್ಟೀರಾಯ್ಡ್ ಸೂಜಿಗಳ ಮಾತೇ ಬೇರೆ. ಅವು ಸ್ನಾಯು ಬೆಳೆಸುತ್ತವೆ, ಸುಳ್ಳಲ್ಲ. ಆದರೆ ಈ ಸೂಜಿಗಳ ಮೂಲಕ ಹೊರಗಿನಿಂದ ಟೆಸ್ಟೋಸ್ಟೆರಾನ್ ಹಾರ್ಮೋನು ಸುರಿದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ತನ್ನ ಸಂಕೇತ ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ. ಹೃದಯವೂ ಸ್ನಾಯುವೇ. ವರ್ಷಗಟ್ಟಲೆ ಈ ಔಷಧ ಚುಚ್ಚಿಸಿಕೊಂಡವರಲ್ಲಿ ಅದರ ಗೋಡೆಯೂ ದಪ್ಪಗಾಗಿ, ರಕ್ತ ಒತ್ತುವ ಬಲ ಕುಂದುತ್ತದೆ.