ಅರಿವು ಹಂಚಿ ವಿಳಾಸ ಗಳಿಸುವ ಮಾರ್ಗ: ಸಣ್ಣ ಉದ್ಯಮಕ್ಕೆ ಮಿಂಚಂಚೆ ಚಂದಾದಾರರ ಪಟ್ಟಿ

ಗೋದಾಮಿನಲ್ಲಿರುವ ಸರಕಿನಂತೆ ಗಿರಾಕಿಗಳ ವಿಳಾಸ ಬರೆದಿಟ್ಟ ಪುಸ್ತಕವೂ ವರ್ತಕನ ಬಂಡವಾಳವೇ. ತಿಪಟೂರಿನ ಕೊಬ್ಬರಿ, ತುಮಕೂರಿನ ಹುಣಸೆಹಣ್ಣು ದೂರದ ಪೇಟೆಗಳಿಗೆ ರವಾನೆಯಾಗುವುದರ ಹಿಂದೆ ಇಂತಹ ಪರಿಚಯಗಳ ದೊಡ್ಡ ಬಲವಿದೆ. ಆದರೆ ಇಂದು ಹೊಸ ಖರೀದಿದಾರರು ಪರಿಚಯಸ್ಥರನ್ನು ವಿಚಾರಿಸುವ ಮೊದಲು ಗೂಗಲ್‌ನಂತಹ ಶೋಧಕ ಯಂತ್ರವನ್ನು ವಿಚಾರಿಸುತ್ತಾರೆ. ಅಲ್ಲಿ ನಮ್ಮ ಸಂಸ್ಥೆಯ ಹೆಸರು ಕಂಡರೆ ಒಮ್ಮೆ ಬರುತ್ತಾರೆ. ಅವರ ವಿಳಾಸ ನಮ್ಮಲ್ಲಿ ಉಳಿಯದಿದ್ದರೆ, ಮುಂದಿನ ಬಾರಿ ಹುಡುಕುವಾಗ ಬೇರೊಬ್ಬರ ಬಾಗಿಲಿಗೆ ಹೋಗುತ್ತಾರೆ.

ಜಾಲತಾಣವು ಶೋಧಕ ಯಂತ್ರದಲ್ಲಿ ಸುಲಭವಾಗಿ ಕಾಣುವಂತೆ ಸಿದ್ಧಪಡಿಸುವ ವಿದ್ಯೆಗೆ ಸರ್ಚ್ ಇಂಜಿನ್ ಆಪ್ಟಿಮೈಸೇಶನ್, ಸಂಕ್ಷೇಪವಾಗಿ ಎಸ್‌ಇಒ ಎಂದು ಹೆಸರು. ಈ ಅರಿವನ್ನು ಇತರರೊಡನೆ ಉಚಿತವಾಗಿ ಹಂಚಿಕೊಳ್ಳುತ್ತ, ಅದರ ಮೂಲಕವೇ ಮಿಂಚಂಚೆ ಚಂದಾದಾರರ ಪಟ್ಟಿಯನ್ನು ಬೆಳೆಸುವ ಮಾರ್ಗವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಕೊಂಡ ಪಟ್ಟಿ, ಗಳಿಸಿದ ಪಟ್ಟಿ

ಸಾವಿರಾರು ಮಿಂಚಂಚೆ ವಿಳಾಸಗಳನ್ನು ಕಡಿಮೆ ಬೆಲೆಗೆ ಮಾರುವವರು ಇದ್ದಾರೆ. ಅಂತಹ ಪಟ್ಟಿಯನ್ನು ಕೊಳ್ಳುವುದು ಹಣದ ನಷ್ಟಕ್ಕೂ ಹೆಸರಿನ ನಷ್ಟಕ್ಕೂ ದಾರಿ. 1978ರ ಮೇ ತಿಂಗಳಿನಲ್ಲಿ ಅಮೆರಿಕದ ಕಂಪ್ಯೂಟರ್ ಸಂಸ್ಥೆಯೊಂದರ ಮಾರಾಟಗಾರರು ಸುಮಾರು 400 ಜನರಿಗೆ ಕೇಳದೆಯೇ ಜಾಹೀರಾತು ಸಂದೇಶ ಕಳುಹಿಸಿದರು. ಇದನ್ನೇ ಮೊದಲ ಅನಪೇಕ್ಷಿತ ಮಿಂಚಂಚೆ ಎಂದು ಗುರುತಿಸಲಾಗುತ್ತದೆ. ಅಂದಿನಿಂದಲೂ ಅಂತಹ ಪತ್ರಗಳ ಬಗ್ಗೆ ಜನರ ಬೇಸರ ಕಡಿಮೆಯಾಗಿಲ್ಲ.

ಈಗ ನಿಯಮಗಳೂ ಬಿಗಿಯಾಗಿವೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ವಿಳಾಸಗಳಿಗೆ ಕಳುಹಿಸುವವರು ತಮ್ಮ ಗುರುತನ್ನು ತಾಂತ್ರಿಕವಾಗಿ ದೃಢೀಕರಿಸಬೇಕು ಹಾಗೂ ಒಂದೇ ಕ್ಲಿಕ್ಕಿನಲ್ಲಿ ಚಂದಾ ನಿಲ್ಲಿಸುವ ಸೌಲಭ್ಯ ಒದಗಿಸಬೇಕು ಎಂಬ ನಿಯಮವನ್ನು ಗೂಗಲ್ ಸಂಸ್ಥೆ ಫೆಬ್ರವರಿ 2024ರಿಂದ ಜಾರಿಗೆ ತಂದಿದೆ. ಪತ್ರ ಪಡೆದವರು ಹೆಚ್ಚಾಗಿ ದೂರು ನೀಡಿದರೆ ಸಣ್ಣ ಪ್ರಮಾಣದಲ್ಲಿ ಕಳುಹಿಸುವವರ ಪತ್ರಗಳೂ ಕಸದ ಬುಟ್ಟಿಗೆ ಸೇರುತ್ತವೆ. ಅವುಗಳ ಜೊತೆ ನಮ್ಮ ದರಪಟ್ಟಿ, ಬಿಲ್ಲುಗಳೂ ಅಲ್ಲಿಗೇ ಹೋಗುವ ಅಪಾಯವಿದೆ.

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಯಿತು. ಅದರ ನಿಯಮಗಳು ನವೆಂಬರ್ 2025ರಲ್ಲಿ ಪ್ರಕಟವಾಗಿದ್ದು, ಕಾಯ್ದೆಯನ್ನು ಹಂತಹಂತವಾಗಿ ಜಾರಿಗೊಳಿಸುವ ಕ್ರಮವನ್ನು ಅವು ನಿಗದಿಪಡಿಸಿವೆ. ವ್ಯಕ್ತಿಯ ಸಮ್ಮತಿ ಮುಕ್ತವಾಗಿಯೂ ನಿರ್ದಿಷ್ಟವಾಗಿಯೂ ಇರಬೇಕು. ಅದನ್ನು ಹಿಂಪಡೆಯುವುದು ನೀಡಿದಷ್ಟೇ ಸುಲಭವಾಗಿರಬೇಕು. ಸೂಚನೆಯನ್ನು ಕನ್ನಡವೂ ಸೇರಿದಂತೆ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದಲು ಅವಕಾಶವಿರಬೇಕು ಎಂಬುದು ಈ ಕಾಯ್ದೆಯ ಆಶಯ. ಆದುದರಿಂದ ಪಟ್ಟಿಯನ್ನು ಕೊಳ್ಳುವ ಬದಲು ಗಳಿಸುವುದೇ ಕ್ಷೇಮ.

ನಮ್ಮ ನಾಡಿನ ನಿದರ್ಶನ

ಅರಿವು ಹಂಚಿ ಓದುಗರನ್ನು ಗಳಿಸುವುದು ಅಂತರಜಾಲದೊಂದಿಗೆ ಹುಟ್ಟಿದ ಉಪಾಯವಲ್ಲ. ಕೃಷಿ ಯಂತ್ರೋಪಕರಣ ತಯಾರಿಸುವ ಅಮೆರಿಕದ ಜಾನ್ ಡಿಯರ್ ಸಂಸ್ಥೆ 1895ರಲ್ಲೇ ರೈತರಿಗಾಗಿ ಪತ್ರಿಕೆಯೊಂದನ್ನು ಆರಂಭಿಸಿತು. ನಮ್ಮಲ್ಲಿ, ದಕ್ಷಿಣ ಕನ್ನಡದ ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಒಬ್ಬ ಬೆಳೆಗಾರನ ತೋಟದ ಅನುಭವ ಮತ್ತೊಬ್ಬನಿಗೆ ಉಪಯೋಗಕ್ಕೆ ಬಂದುದರಿಂದಲೇ ಚಂದಾದಾರರು ಕೂಡಿಬಂದರು. ಓದುಗನ ಕೆಲಸಕ್ಕೆ ಬರುವ ವಿಷಯವಿದ್ದರೆ ಆತನೇ ವಿಳಾಸ ಕೊಟ್ಟು ತರಿಸಿಕೊಳ್ಳುತ್ತಾನೆ ಎಂಬುದು ಇಲ್ಲಿನ ಪಾಠ.

ಯಾವ ಅರಿವನ್ನು ಹಂಚಬೇಕು?

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮುದ್ರಣ ಹಾಗೂ ಜಾಲತಾಣ ವಿನ್ಯಾಸದ ಅಂಗಡಿಯೊಂದಿದೆ ಎಂದು ಭಾವಿಸೋಣ. ಗುಬ್ಬಿ, ಕುಣಿಗಲ್ ಕಡೆಯ ನಾರು, ಅಡಿಕೆ, ಅಕ್ಕಿ ವ್ಯಾಪಾರಿಗಳು ಅದರ ಗಿರಾಕಿಗಳಾಗಬಲ್ಲರು. “ನಮ್ಮಲ್ಲಿ ಜಾಲತಾಣ ಮಾಡಿಕೊಡುತ್ತೇವೆ” ಎಂಬ ಜಾಹೀರಾತಿಗಿಂತ, ಹದಿನೈದು ದಿನಕ್ಕೊಮ್ಮೆ ಕಳುಹಿಸುವ ಒಂದು ಪುಟದ ಉಪಯುಕ್ತ ಪತ್ರ ಅವರನ್ನು ಹತ್ತಿರ ತರುತ್ತದೆ. ಪತ್ರಕ್ಕೆ ಒದಗುವ ಕೆಲವು ವಿಷಯಗಳು ಇಂತಿವೆ:

1. ಊರಿನ ಹೆಸರು: 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು, ‘ಟುಮ್ಕೂರ್’ ಎಂಬುದು ‘ತುಮಕೂರು’ ಆಯಿತು. ಆದರೆ ಹೊರ ರಾಜ್ಯದ ಖರೀದಿದಾರರು ಇನ್ನೂ ಹಳೆಯ ಕಾಗುಣಿತದಲ್ಲಿ ಹುಡುಕಬಹುದು. ಜಾಲತಾಣದ ವಿಳಾಸ ಭಾಗದಲ್ಲಿ ಎರಡೂ ರೂಪಗಳಿರುವುದು ಒಳಿತು.

2. ಬಡಾವಣೆಯ ಹೆಸರು: ಉಪ್ಪಾರಹಳ್ಳಿ ಎಂಬ ಹೆಸರಿನ ಊರುಗಳು ರಾಜ್ಯದಲ್ಲಿ ಹಲವಿವೆ. ನಗರ, ಜಿಲ್ಲೆ, ಪಿನ್‌ಕೋಡ್ ಸಹಿತ ಪೂರ್ಣ ವಿಳಾಸವನ್ನು ಜಾಲತಾಣದಲ್ಲಿಯೂ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿಯೂ ಒಂದೇ ರೀತಿ ನಮೂದಿಸಬೇಕು. ಈ ಪ್ರೊಫೈಲ್ ಉಚಿತವಾದುದು.

3. ಸರಕಿನ ಹೆಸರು: ನಾವು ಉಂಡೆ ಕೊಬ್ಬರಿ ಎನ್ನುವುದನ್ನು ಹಿಂದಿ ಪ್ರದೇಶದ ವರ್ತಕರು ‘ಗೋಲಾ’ ಎನ್ನುತ್ತಾರೆ, ಹುಣಸೆ ಅವರಿಗೆ ‘ಇಮ್ಲಿ’. ನಾರಿನ ಪುಡಿಯನ್ನು ಹೊರದೇಶದವರು ‘ಕೊಕೊಪೀಟ್’ ಎಂದು ಹುಡುಕುತ್ತಾರೆ. ಮಾರುವವನ ಮಾತಿಗಿಂತ ಕೊಳ್ಳುವವನ ಮಾತು ಮುಖ್ಯ.

4. ಉಚಿತ ಪರಿಕರಗಳು: ಯಾವ ಪದಗಳಿಂದ ಜನರು ನಮ್ಮ ತಾಣಕ್ಕೆ ಬಂದರೆಂಬುದನ್ನು ಗೂಗಲ್ ಸರ್ಚ್ ಕನ್ಸೋಲ್ ತೋರಿಸುತ್ತದೆ. ಎರಡು ಪದಗಳ ಪೈಕಿ ಯಾವುದನ್ನು ಹೆಚ್ಚಾಗಿ ಹುಡುಕುತ್ತಾರೆಂಬುದನ್ನು ಗೂಗಲ್ ಟ್ರೆಂಡ್ಸ್‌ನಲ್ಲಿ ಹೋಲಿಸಬಹುದು.

ಎಸ್‌ಇಒ ತಮ್ಮ ವೃತ್ತಿಯಲ್ಲದ ಉದ್ದಿಮೆದಾರರಿಗೂ ಈ ಕ್ರಮ ಅನ್ವಯಿಸುತ್ತದೆ. ನಾರಿನ ಘಟಕದವರು ಕೊಕೊಪೀಟ್‌ನಲ್ಲಿರುವ ಉಪ್ಪಿನ ಅಂಶವನ್ನು ತೊಳೆದು ತಗ್ಗಿಸುವ ಬಗೆಯನ್ನು, ಅಕ್ಕಿ ಗಿರಣಿಯವರು ತೇವಾಂಶ ಹಾಗೂ ದಾಸ್ತಾನಿನ ಸಂಬಂಧವನ್ನು ತಿಳಿಸಬಹುದು. ಓದುಗರು ಹುಡುಕುವ ಪದಗಳಲ್ಲೇ ಶೀರ್ಷಿಕೆ ಕೊಟ್ಟು ಅದನ್ನು ತಾಣದಲ್ಲಿ ಪ್ರಕಟಿಸಿದರೆ, ಆ ಪುಟವೇ ಹೊಸಬರನ್ನು ಕರೆತರುತ್ತದೆ.

ವಿಳಾಸ ಕೇಳುವ ಕ್ರಮ

ಮೊದಲು ಕೊಡಬೇಕು, ಅನಂತರ ಕೇಳಬೇಕು. ಉಪಯುಕ್ತ ಬರಹದ ಕೊನೆಯಲ್ಲಿ “ಮುಂದಿನ ಪತ್ರ ಬೇಕಾದವರು ಮಿಂಚಂಚೆ ವಿಳಾಸ ನೀಡಿ” ಎಂಬ ಒಂದು ಸಾಲು ಸಾಕು. ಹೆಸರು ಮತ್ತು ವಿಳಾಸ ಬಿಟ್ಟು ಬೇರೇನನ್ನೂ ಕೇಳಬಾರದು. ವಿಳಾಸ ನೀಡಿದವರಿಗೆ ದೃಢೀಕರಣದ ಪತ್ರ ಕಳುಹಿಸಿ, ಅವರು ಒಪ್ಪಿದ ಮೇಲೆಯೇ ಪಟ್ಟಿಗೆ ಸೇರಿಸಬೇಕು. ವಸ್ತುಪ್ರದರ್ಶನದಲ್ಲಿ ದೊರೆತ ವಿಸಿಟಿಂಗ್ ಕಾರ್ಡ್ ಪರಿಚಯದ ಗುರುತೇ ಹೊರತು ಚಂದಾಕ್ಕೆ ಕೊಟ್ಟ ಒಪ್ಪಿಗೆಯಲ್ಲ.

ಎಲ್ಲರ ವಿಳಾಸಗಳನ್ನೂ ಒಂದೇ ಪತ್ರದ ಮೇಲ್ಭಾಗದಲ್ಲಿ ಸೇರಿಸಿ ಕಳುಹಿಸುವುದು ಸಲ್ಲದು. ಹಾಗೆ ಮಾಡಿದರೆ ನಮ್ಮ ಗಿರಾಕಿಗಳ ಪಟ್ಟಿ ಪ್ರತಿಸ್ಪರ್ಧಿಗಳ ಕೈ ಸೇರುತ್ತದೆ. ಇದಕ್ಕೆಂದೇ ಇರುವ ಸೇವೆಗಳನ್ನು ಬಳಸುವುದು ಸೂಕ್ತ. ನಾಲ್ಕು ಪತ್ರಗಳಲ್ಲಿ ಮೂರು ತಿಳಿವಳಿಕೆಗೆ, ಒಂದು ಮಾರಾಟಕ್ಕೆ ಎಂಬ ಶಿಸ್ತನ್ನು ಪಾಲಿಸಿದರೆ ಓದುಗರ ವಿಶ್ವಾಸ ಉಳಿಯುತ್ತದೆ.

ಗುಟ್ಟು ಬಿಟ್ಟುಕೊಟ್ಟಂತಾಗದೇ?

“ನಮ್ಮ ವಿದ್ಯೆಯನ್ನು ಹಂಚಿದರೆ ನಾಳೆ ನಮ್ಮಲ್ಲಿಗೆ ಬರುವವರಾರು?” ಎಂಬ ಅಳುಕು ಸಹಜ. ದರ, ಪೂರೈಕೆದಾರರ ಹೆಸರು, ವಿಶೇಷ ಮಿಶ್ರಣದ ಅಳತೆ ಇವು ಗುಟ್ಟಾಗಿಯೇ ಉಳಿಯಲಿ. ಆದರೆ ಎಸ್‌ಇಒದ ಮೂಲ ತತ್ತ್ವಗಳನ್ನು ಗೂಗಲ್ ಸಂಸ್ಥೆಯೇ ಉಚಿತವಾಗಿ ಪ್ರಕಟಿಸಿದೆ. ಅವು ಯಾರ ಗುಟ್ಟೂ ಅಲ್ಲ. ಅವುಗಳನ್ನು ಗುಬ್ಬಿಯ ನಾರಿಗೆ, ಕುಣಿಗಲ್ಲಿನ ಅಕ್ಕಿಗೆ ಹೊಂದಿಸಿ ತಿಳಿಯಾದ ಕನ್ನಡದಲ್ಲಿ ಹೇಳುವುದೇ ಬೆಲೆಯುಳ್ಳ ಕೆಲಸ. ಓದಿದವರಲ್ಲಿ ಕೆಲವರು ತಾವೇ ಮಾಡಿಕೊಳ್ಳುತ್ತಾರೆ. ಬಿಡುವಿಲ್ಲದವರು ಹೇಳಿಕೊಟ್ಟವರಿಗೇ ಕೆಲಸ ಒಪ್ಪಿಸುತ್ತಾರೆ.

ಇನ್ನೊಂದು ಮಾತು ಗಮನಾರ್ಹ. ಶೋಧಕ ಯಂತ್ರದಲ್ಲಿನ ಸ್ಥಾನ ಬಾಡಿಗೆ ಮನೆಯಂತೆ. ಅದರ ಯಜಮಾನರು ನಾವಲ್ಲ. 2011ರ ‘ಪಾಂಡಾ’, 2012ರ ‘ಪೆಂಗ್ವಿನ್’ ಎಂಬ ಗೂಗಲ್‌ನ ಬದಲಾವಣೆಗಳಿಂದ ಟೊಳ್ಳು ಬರಹ ಹಾಗೂ ಕೊಂಡ ಕೊಂಡಿಗಳನ್ನು ನೆಚ್ಚಿದ್ದ ಅನೇಕ ತಾಣಗಳು ಕೆಳಗಿಳಿದವು. 2024ರಿಂದ ಭಾರತದಲ್ಲಿಯೂ ಕೃತಕ ಬುದ್ಧಿಮತ್ತೆಯ ಉತ್ತರಗಳು ಹುಡುಕಾಟದ ಫಲಿತಾಂಶಗಳ ಮೇಲ್ಭಾಗದಲ್ಲಿ ಕಾಣತೊಡಗಿದ್ದು, ಉತ್ತರ ಅಲ್ಲೇ ದೊರೆತವರು ತಾಣದೊಳಗೆ ಬಾರದಿರಬಹುದು. ಒಪ್ಪಿ ವಿಳಾಸ ಕೊಟ್ಟವರ ಪಟ್ಟಿ ಮಾತ್ರ ಇಂತಹ ಬದಲಾವಣೆಗಳ ನಡುವೆಯೂ ನಮ್ಮಲ್ಲೇ ಇರುತ್ತದೆ.

ತಿಂಗಳಿಗೆ ಎರಡು ಪತ್ರಗಳಂತೆ ವರ್ಷಕ್ಕೆ 24 ಪತ್ರಗಳು. ಗಿರಾಕಿಗಳು ಪದೇ ಪದೇ ಕೇಳುವ 24 ಪ್ರಶ್ನೆಗಳನ್ನು ಗುರುತು ಹಾಕಿಕೊಂಡರೆ ಒಂದು ವರ್ಷದ ಸಾಮಗ್ರಿ ಸಿದ್ಧ. ಮೊದಲ ಪತ್ರ 20 ಜನರಿಗೆ ಹೋದರೂ ಚಿಂತೆಯಿಲ್ಲ. ಬಯಸಿ ಓದುವ 20 ಜನರು ಬಯಸದ 20,000 ಜನರಿಗಿಂತ ವ್ಯಾಪಾರಕ್ಕೆ ಹಿತ. ಆ ಪ್ರಶ್ನೆಗಳ ಪಟ್ಟಿಯನ್ನು ಸದಸ್ಯ ಬಾಂಧವರು ಈ ತಿಂಗಳಿನಲ್ಲೇ ಆರಂಭಿಸಲಿ.