ಉಯಿಲಿನಲ್ಲಿ ಬರೆಯದೆ ಉಳಿದದ್ದು

ನವೆಂಬರ್ ತಿಂಗಳು ಮೃತ ವಿಶ್ವಾಸಿಗಳ ಸ್ಮರಣೆಗೆ ಮೀಸಲಾದುದು. ಸಮಾಧಿಗಳ ಆಶೀರ್ವಾದ ಮುಗಿಸಿ ಹಿಂದಿರುಗುವಾಗ ಜನರು ಆಡುವ ಮಾತೊಂದನ್ನು ನಾವು ಹಲವು ಬಾರಿ ಕೇಳಿದ್ದೇವೆ: "ಅಪ್ಪ ಎಲ್ಲವನ್ನೂ ಸರಿಯಾಗಿ ಬರೆದಿಟ್ಟು ಹೋದರು ಫಾದರ್, ಆದರೆ ನಮಗೆ ಏನನ್ನೂ ಹೇಳಿ ಹೋಗಲಿಲ್ಲ."

ಗೋಪಾಳದ ನಮ್ಮ ಮನೆಗಳಲ್ಲಿ ಇಂತಹ ತಂದೆಯರು ಅನೇಕರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲೋ ಕಾಗದದ ಕಾರ್ಖಾನೆಯಲ್ಲೋ ಪಾಳಿಯ ಮೇಲೆ ದುಡಿದು, ನಿವೃತ್ತಿಯ ಹಣದಲ್ಲಿ ಇಲ್ಲೊಂದು ನಿವೇಶನ ಕೊಂಡವರು. ಅವರ ಉಯಿಲುಗಳು ಅಚ್ಚುಕಟ್ಟಾಗಿರುತ್ತವೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಕೇಳುವಂತೆ ಇಬ್ಬರು ಸಾಕ್ಷಿಗಳ ಸಹಿ ಇರುತ್ತದೆ. ಚಕ್ಕುಬಂದಿ, ಖಾತೆಯ ಸಂಖ್ಯೆ ಎಲ್ಲವೂ ಇರುತ್ತವೆ. ಆ ಮನೆಯನ್ನು ಯಾವ ನಂಬಿಕೆಯ ಮೇಲೆ ಕಟ್ಟಿದರು ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ.

ಇದನ್ನು ಬರೆದಿಡುವ ಪತ್ರಕ್ಕೆ ನೈತಿಕ ಉಯಿಲು ಎನ್ನುತ್ತಾರೆ. ಇದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಬೇಡ. ನಿವೇಶನವನ್ನು ಮೂವರಿಗೆ ಹಂಚಿದರೆ ಪ್ರತಿಯೊಬ್ಬನ ಪಾಲೂ ಚಿಕ್ಕದಾಗುತ್ತದೆ. ಹಂಚಿದರೂ ಕುಗ್ಗದ ಸಂಪತ್ತು ಬೇರೆಯೇ ಇದೆ ಎಂದು ಸಂತ ಅಗಸ್ಟೀನರು ತಿಳಿಸಿದ್ದಾರೆ.

ಪವಿತ್ರ ಬೈಬಲ್ಲಿನ ತೋಬಿತನ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ಓದುಗರು ಇಂದು ಸಂಜೆ ತೆರೆದು ನೋಡಬೇಕು. ಕುರುಡನಾಗಿ, ಬಡವನಾಗಿ, ಸಾವನ್ನೇ ಬೇಡಿದ್ದ ತೋಬಿತನಿಗೆ ದೂರದ ಮೇದ್ಯ ನಾಡಿನಲ್ಲಿ ತಾನು ಒಪ್ಪಿಸಿದ್ದ ಹತ್ತು ತಲಾಂತು ಬೆಳ್ಳಿ ನೆನಪಾಗುತ್ತದೆ. ಅದನ್ನು ಹೇಳಲೆಂದೇ ಮಗ ತೋಬಿಯಾಸನನ್ನು ಕರೆಯುತ್ತಾನೆ. ಆದರೆ ಬಾಯಿ ತೆರೆದಾಗ ಬರುವ ಮೊದಲ ಮಾತು ಬೆಳ್ಳಿಯದಲ್ಲ. ತಾಯಿಯನ್ನು ಕೈಬಿಡಬೇಡ, ಕೂಲಿಯಾಳಿನ ಸಂಬಳವನ್ನು ರಾತ್ರಿಯವರೆಗೆ ಇಟ್ಟುಕೊಳ್ಳಬೇಡ, ಸ್ವಲ್ಪವೇ ಇದ್ದರೆ ಸ್ವಲ್ಪವನ್ನೇ ದಾನ ಮಾಡು ಎಂದು ಹೇಳುತ್ತಾ ಹೋಗುತ್ತಾನೆ. ಹಣದ ವಿಷಯ ಬರುವುದು ಅಧ್ಯಾಯದ ಕಟ್ಟಕಡೆಯಲ್ಲಿ. ನಮ್ಮಲ್ಲಿ ಈ ಕ್ರಮ ತಿರುಗುಮುರುಗಾಗಿದೆ.

ಬರೆದರೆ ಸಾವನ್ನು ಕರೆದಂತೆ ಎಂದು ಅಂಜುವವರಿದ್ದಾರೆ. ತೋಬಿತನು ಆ ಮಾತುಗಳನ್ನಾಡಿದ ಮೇಲೆ ದೃಷ್ಟಿಯನ್ನು ಮರಳಿ ಪಡೆದು ಬಹುಕಾಲ ಬಾಳಿದನು. ಜಗದ್ಗುರು ಎರಡನೆಯ ಜಾನ್ ಪಾಲರು 1979ರಲ್ಲಿ ಬರೆಯತೊಡಗಿದ ಮರಣಶಾಸನಕ್ಕೆ 2000ದವರೆಗೂ ಸೇರಿಸುತ್ತಲೇ ಇದ್ದರು. ಹಂಚಲು ಆಸ್ತಿಯಿಲ್ಲವೆಂದು ಅದರಲ್ಲಿ ಹೇಳಿ, ಉಳಿದುದನ್ನು ಕೃತಜ್ಞತೆಗೆ ಬಿಟ್ಟರು.

ಇನ್ನೊಂದು ಅಪಾಯವಿದೆ, ಅದು ಬೈಗುಳ. 12ನೆಯ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನಲ್ಲಿದ್ದ ಯೆಹೂದ್ಯ ವೈದ್ಯ ಯೆಹೂದಾ ಇಬ್ನ್ ತಿಬ್ಬೋನ್ ಮಗ ಸಮುವೇಲನಿಗೆ ಬರೆದ ನೈತಿಕ ಉಯಿಲು ಪ್ರಸಿದ್ಧವಾದುದು. ಪುಸ್ತಕಗಳನ್ನು ಜೋಪಾನ ಮಾಡುವ ಬಗೆಯನ್ನು ಬಲು ಪ್ರೀತಿಯಿಂದ ಹೇಳುವ ಆ ತಂದೆ, ಮಗ ಓದಿನಲ್ಲಿ ಉದಾಸೀನನೆಂದು ಉದ್ದಕ್ಕೂ ದೂರುತ್ತಾನೆ. ಅದೇ ಮಗ 1204ರಲ್ಲಿ ಮೈಮೋನಿದೀಸನ ಮಹಾಗ್ರಂಥವನ್ನು ಅರಬ್ಬಿಯಿಂದ ಹೀಬ್ರೂವಿಗೆ ಅನುವಾದಿಸಿ ಮುಗಿಸಿದನು. ನೋಡಲು ತಂದೆ ಇರಲಿಲ್ಲ. ಆದುದರಿಂದ ಉಪದೇಶವನ್ನು ಪೀಠದ ಮೇಲಿರುವ ನಮಗೇ ಬಿಡಿ. ನೀವು ಯಾರಿಗೆ ಋಣಿಗಳು, ಎಲ್ಲಿ ಎಡವಿದಿರಿ, ಕಷ್ಟದಲ್ಲಿ ಯಾವುದನ್ನು ಹಿಡಿದುಕೊಂಡು ನಿಂತಿರಿ ಎಂಬುದನ್ನು ಬರೆಯಿರಿ. ಅಜ್ಜಿಯ ತಮಿಳನ್ನೋ ಕೊಂಕಣಿಯನ್ನೋ ಓದಲಾರದ ಮೊಮ್ಮಕ್ಕಳು ಬಹಳ ಮಂದಿ. ಆಕೆ ಹೇಳಲಿ, ಮಗು ಕನ್ನಡದಲ್ಲಿ ಬರೆದುಕೊಳ್ಳಲಿ.

ಕೆಲವು ವರ್ಷಗಳ ಹಿಂದೆ ನಿವೃತ್ತ ಕಾರ್ಮಿಕರೊಬ್ಬರ ಬೈಬಲ್ಲಿನೊಳಗೆ ಒಂದು ಹಾಳೆ ಸಿಕ್ಕಿತು. ಜಾಗ ಪಾಲಾದಾಗ ತಮ್ಮನು ಅಳತೆಯಲ್ಲಿ ಮೋಸ ಮಾಡಿದನೆಂದು ಹಬ್ಬಿಸಿದ್ದು ಸುಳ್ಳು, ತಪ್ಪು ತನ್ನದೇ ಎಂದು ಅವರು ಬರೆದಿದ್ದರು. ಮಗ ಅದನ್ನು ನಮ್ಮ ಬಳಿಗೆ ತಂದನು. "ಚಿಕ್ಕಪ್ಪನಿಗೆ ತೋರಿಸಿದರೆ ಅಪ್ಪನ ಮರ್ಯಾದೆ ಏನಾಗುತ್ತದೆ ಫಾದರ್?" ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಮರುದಿನ ಅವನನ್ನು ಕರೆಸಿ, ಹಾಳೆ ನಿನ್ನ ಕೈಗೆ ಸಿಕ್ಕಿದೆಯಾದರೂ ಸಲ್ಲಬೇಕಾದದ್ದು ಅವರಿಗೆ ಎಂದೆವು.

ಭಾನುವಾರದ ಪೂಜೆ ಮುಗಿಸಿ ಅವನು ಭದ್ರಾವತಿಯ ಬಸ್ಸು ಹತ್ತಿದನು. ಚಿಕ್ಕಪ್ಪ ಹಾಳೆಯನ್ನು ಎರಡು ಸಲ ಓದಿ, ಮಡಚಿ, ಅಂಗಿಯ ಜೇಬಿನಲ್ಲಿಟ್ಟುಕೊಂಡರಂತೆ. ಹಿಂದಿರುಗಿಸಲಿಲ್ಲ.