ಸೀಸದ ಕಡಾಯಿಯಲ್ಲಿ ತವರದ ಲೆಕ್ಕ

ಅಚ್ಚಿನ ಮೊಳೆಯನ್ನು ಎಲ್ಲರೂ ಸೀಸದ ಮೊಳೆ ಎಂದೇ ಕರೆಯುತ್ತಿದ್ದರು. ಬರೀ ಸೀಸದಲ್ಲಿ ಎರಕ ಹೊಯ್ದಿದ್ದರೆ ನಮ್ಮ ಪ್ರೆಸ್ಸಿನಲ್ಲಿ ಒಂದು ಮದುವೆ ಕರೆಯೋಲೆಯೂ ನೆಟ್ಟಗೆ ಮುದ್ರಣವಾಗುತ್ತಿರಲಿಲ್ಲ. ಉಗುರಿನಿಂದ ಗೀರಿದರೆ ಗೆರೆ ಮೂಡುವಷ್ಟು ಮೆತ್ತಗಿನ ಲೋಹ ಅದು. ಟ್ರೆಡಲ್ ಮುದ್ರಣಯಂತ್ರ ನಾಲ್ಕು ಸಲ ಒತ್ತಿದರೆ ತಲೆಕಟ್ಟೆಲ್ಲ ಚಪ್ಪಟೆ.

ನಾನಿದ್ದದ್ದು ಎರಕದ ಕೋಣೆಯಲ್ಲಿ. ಸೀಸಕ್ಕೆ ಗಟ್ಟಿತನ ಬರಲು ಆಂಟಿಮನಿ ಬೆರೆಸುತ್ತಿದ್ದೆವು; ತಣಿಯುವಾಗ ಮೊಳೆ ಕುಗ್ಗುವುದೂ ಅದರಿಂದ ಕಡಿಮೆಯಾಗುತ್ತದೆ. ತವರದ ಕೆಲಸ ಬೇರೆ. ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುವಂತೆ ಮಾಡುವುದು ಅದೇ. ಕನ್ನಡಕ್ಕಂತೂ ತವರ ಬೇಕೇ ಬೇಕು. ಒತ್ತಕ್ಷರದ ಸಣ್ಣ ಮೊಳೆಯ ಬಾಲ, ಸುಳಿಗಳಲ್ಲಿ ಲೋಹ ತುಂಬದಿದ್ದರೆ ‘ತ್ತ’ ಯಾವುದು, ‘ನ್ನ’ ಯಾವುದು ಎಂದು ಕರಡು ತಿದ್ದುವವರು ತಲೆ ಚಚ್ಚಿಕೊಳ್ಳಬೇಕಿತ್ತು. ಆದರೆ ಆಗ ಮೂರರಲ್ಲಿ ದುಬಾರಿ ಲೋಹವೂ ತವರವೇ ಆಗಿತ್ತು. ಮಾಲೀಕರ ಕತ್ತರಿ ಮೊದಲು ಬೀಳುತ್ತಿದ್ದುದು ಅದರ ಮೇಲೆ. ಅದು ಶುದ್ಧ ದಡ್ಡತನ.

ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಬೇಕು, ಆಂಟಿಮನಿಗೆ ಸುಮಾರು 630, ತವರಕ್ಕೆ 232. ಆದರೆ ನೂರು ಕಿಲೋದಲ್ಲಿ 84 ಸೀಸ, 12 ಆಂಟಿಮನಿ, 4 ತವರ ಇರುವಂತೆ ಬೆರೆಸಿದರೆ, ಇಡೀ ಬೆರಕೆ ಸುಮಾರು 240 ಡಿಗ್ರಿಗೇ ನೀರಾಗುತ್ತದೆ. ಕಾವು ಇಳಿದಾಗಲೂ ಅಷ್ಟೇ, ಗಂಜಿಯಂತೆ ಅರೆಬರೆಯಾಗಿ ನಿಲ್ಲದೆ ಒಮ್ಮೆಲೇ ಗಟ್ಟಿಯಾಗುತ್ತದೆ. ಇಡೀ ಸಾಲನ್ನೇ ಒಟ್ಟಿಗೆ ಎರಕ ಹೊಯ್ಯುವ ಲೈನೋಟೈಪ್ ಯಂತ್ರದವರು ಹೆಚ್ಚುಕಡಿಮೆ ಈ ಅಳತೆಯನ್ನೇ ಹಿಡಿದದ್ದು ಅದಕ್ಕೇ. ಕೈಯಲ್ಲಿ ಜೋಡಿಸುವ ಬಿಡಿ ಮೊಳೆ ವರ್ಷಗಟ್ಟಲೆ ಬಾಳಬೇಕು. ಅದಕ್ಕೆ ಆಂಟಿಮನಿಯೂ ತವರವೂ ಇನ್ನಷ್ಟು ಬೇಕು. ಅಮೆರಿಕದಲ್ಲಿ ಮನೆಯಲ್ಲೇ ಕೋವಿಯ ಗುಂಡು ಎರೆಯುವ ಹವ್ಯಾಸಿಗಳು ಹಳೆಯ ಲೈನೋಟೈಪ್ ಲೋಹವನ್ನು ಹುಡುಕಿ ಕೊಳ್ಳುತ್ತಾರೆ. ಅವರಿಗೆ ಬೇಕಾದದ್ದೂ ಇದೇ ಹರಿವು, ಇದೇ ಗಡಸುತನ.

ಸವೆದ ಮೊಳೆಗಳನ್ನು ಮತ್ತೆ ಕರಗಿಸುವಾಗ ಮೇಲೆ ಬೂದುಬಣ್ಣದ ಕೆನೆ ಕಟ್ಟುತ್ತದೆ. ಹೊಸಬರು ಅದನ್ನು ಕಸವೆಂದು ಸೌಟಿನಲ್ಲಿ ಬಾಚಿ ಎಸೆಯುತ್ತಿದ್ದರು. ಎಸೆದದ್ದರಲ್ಲಿ ತವರದ ಪಾಲು ದೊಡ್ಡದು. ಬಿಸಿಯಲ್ಲಿ ಗಾಳಿ ತಾಗಿದರೆ ಮೊದಲು ಕೆಡುವುದು ಅದೇ. ನಮ್ಮ ಮೇಸ್ತ್ರಿ ಒಂದು ಚೂರು ಮೇಣ ಹಾಕಿ, ಭಗ್ಗೆಂದು ಏಳುವ ಉರಿಗೆ ಹೆದರದೆ ತಳದಿಂದ ಕಲಕುತ್ತಿದ್ದರು. ಕೆನೆಯಲ್ಲಿ ಸಿಕ್ಕ ಲೋಹ ಬಹುಪಾಲು ಕಡಾಯಿಗೆ ಮರಳುತ್ತಿತ್ತು. ಮೇಲುಳಿದ ಪುಡಿ ಮಾತ್ರ ಕಿಟ್ಟ. ಹೀಗಿದ್ದೂ ಪ್ರತಿ ಕರಗಿಸುವಿಕೆಯಲ್ಲಿ ಒಂದಿಷ್ಟು ತವರ ಹೋಗೇ ಹೋಗುತ್ತದೆ, ಆಗಾಗ ಹೊಸದನ್ನು ಸೇರಿಸಲೇಬೇಕು.

ಎಲ್ಲರೂ ಹೊಗೆಗೆ ಹೆದರುತ್ತಿದ್ದರು. ಆ ಕಾವಿನಲ್ಲಿ ಸೀಸ ಆವಿಯಾಗುವುದು ತೀರಾ ಕಡಿಮೆ. ಮೈಗೆ ಸೇರುವುದು ಹೆಚ್ಚಾಗಿ ಕಿಟ್ಟದ ಧೂಳಿನಿಂದ, ಕೈ ತೊಳೆಯದೆ ಹಚ್ಚಿದ ಬೀಡಿಯಿಂದ. ತೊಳೆದ ಮೊಳೆಯನ್ನು ಒಣಗಿಸದೆ ಕಡಾಯಿಗೆ ಹಾಕುವುದಂತೂ ಕೂಡಲೇ ಕಾಣುವ ಅಪಾಯ: ನೀರು ಕ್ಷಣದಲ್ಲಿ ಆವಿಯಾಗಿ ಕರಗಿದ ಲೋಹವನ್ನು ಮುಖಕ್ಕೇ ಸಿಡಿಸುತ್ತದೆ.

ಆಫ್‌ಸೆಟ್ ಬಂದಮೇಲೆ ಮೊಳೆಗಳೆಲ್ಲ ತೂಕದ ಮೇಲೆ ಗುಜರಿಗೆ ಹೋದವು. ಗುಜರಿಯವನು ಮೋಸಹೋಗುವವನಲ್ಲ. ಒಂದು ಮೊಳೆ ಎತ್ತಿ ಇಕ್ಕಳದಲ್ಲಿ ಹಿಡಿದು ಬಗ್ಗಿಸಿ ನೋಡಿದ. ಬಾಗಿದ್ದರೆ ಸೀಸದ ರೇಟು ಕೊಡುತ್ತಿದ್ದ. ಪಟ್ಟನೆ ಮುರಿಯಿತು; ಅವನೇ ಬೆಲೆ ಏರಿಸಿದ.